ತುಂಬು ಹೊಗಳಿಕೆಯ ಕೇಡು

ಮನುಷ್ಯರಿಗಿರುವಂತೆ ಮಾತುಗಳಿಗೂ ಏಳುಬೀಳುಗಳುಂಟು. ಇಂಗ್ಲಿಷಿನ ‘ಫುಲ್‌ಸಮ್’ ಎಂಬ ಪದ ಇದಕ್ಕೆ ಒಳ್ಳೆಯ ನಿದರ್ಶನ. ‘ಫುಲ್’ ಎಂದರೆ ತುಂಬಿದ್ದು. ಅದರಿಂದ ಹುಟ್ಟಿದ ಈ ಮಾತಿಗೆ 13ನೆಯ ಶತಮಾನದಲ್ಲಿ ಸಮೃದ್ಧ, ಹೇರಳ ಎಂಬುದೇ ಅರ್ಥ. ಬೈಬಲಿನ ಜೋಸೆಫನ ಕಥೆಯಲ್ಲಿ ಬರುವ ಏಳು ಸುಭಿಕ್ಷದ ವರ್ಷಗಳನ್ನು ಆ ಕಾಲದ ಒಂದು ಪದ್ಯಕೃತಿ ಈ ವಿಶೇಷಣದಿಂದಲೇ ವರ್ಣಿಸಿದೆ.

ಆದರೆ ತುಂಬಿದ್ದು ಅತಿಯಾಗಲು ಬಹಳ ಹೊತ್ತು ಬೇಡ. ಹೋಳಿಗೆಗೆ ಮೂರನೆಯ ಸಲ ಕಾಯಿಹಾಲು ಸುರಿದರೆ ‘ಮುಖಕ್ಕೆ ಹೊಡೆಯಿತು’ ಎನ್ನುತ್ತೇವಲ್ಲ, ಇಂಗ್ಲಿಷ್ ಪದಕ್ಕೂ ಅದೇ ಗತಿಯಾಯಿತು. ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಡ್ಯೂಕನ ಪ್ರಣಯಾಲಾಪದಿಂದ ಬೇಸತ್ತ ಒಲಿವಿಯಾ ತನ್ನ ಜಿಗುಪ್ಸೆಯನ್ನು ತಿಳಿಸಲು ಬಳಸುವುದು ಈ ಪದವನ್ನೇ. ಮುಂದೆ ಅದು ವಾಕರಿಕೆ ತರಿಸುವ ಮುಖಸ್ತುತಿಗೆ ಅಂಟಿಕೊಂಡಿತು. 20ನೆಯ ಶತಮಾನದಲ್ಲಿ ಮತ್ತೆ ‘ಉದಾರವಾದ, ಹೃತ್ಪೂರ್ವಕವಾದ’ ಎಂಬ ಅರ್ಥದಲ್ಲಿ ಹಲವರು ಬಳಸತೊಡಗಿದರು. ಇದು ಪದದ ಉದ್ಧಾರವೆಂದು ಕೆಲವರು ಸಂತೋಷಪಡಬಹುದು. ನನಗೇನೋ ಇದು ಬಳಸುವವರ ಮೂಗು ಕಟ್ಟಿದ್ದರ ಗುರುತೆಂದೇ ತೋರುತ್ತದೆ.

ನಮ್ಮಲ್ಲಿಯೂ ಇಂಥ ಮಾತುಗಳಿಗೆ ಕೊರತೆಯಿಲ್ಲ. ಒಡ್ಡೋಲಗದಲ್ಲಿ ಗಂಭೀರವಾಗಿ ಮೊಳಗಿದ ‘ಬಹುಪರಾಕು’ ಇಂದು ಹಾಸ್ಯದ ಮಾತು. ಅತಿಶಯೋಕ್ತಿಯನ್ನು ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಅಲಂಕಾರಗಳಲ್ಲೆಲ್ಲ ಉತ್ತಮವೆಂದ; ಇಂದು ‘ಇದು ಅತಿಶಯೋಕ್ತಿಯಲ್ಲ’ ಎಂದು ಭಾಷಣಕಾರ ಆಣೆಯಿಟ್ಟ ಕೂಡಲೇ ಸಭೆಗೆ ಸಂದೇಹ ಹುಟ್ಟುತ್ತದೆ. ‘ಮೇರುಕೃತಿ’, ‘ಅನನ್ಯ’, ‘ಅಪ್ರತಿಮ’ ಎಂಬ ಮಾತುಗಳೂ ಈಗ ಅದೇ ಹಾದಿ ಹಿಡಿದಿವೆ. ವಾರಕ್ಕೊಂದು ಮೇರುವೆದ್ದರೆ ಬಯಲೆಂಬುದು ಎಲ್ಲಿ ಉಳಿದೀತು?

ಇದು ಬರಿಯ ನಿಘಂಟಿನ ಪ್ರಶ್ನೆಯಲ್ಲ. ಕನಕಪುರ, ಮಾಗಡಿಗಳ ಕಡೆಯ ಹಳ್ಳಿಗಳಿಂದ ಬಂದ ತರುಣರು ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದ ಮೊದಲ ಕವನಸಂಕಲನಗಳನ್ನು ನಾನು ಆಗಾಗ ಓದುತ್ತೇನೆ. ಮುನ್ನುಡಿ ಹತ್ತು ಪುಟವಿರುತ್ತದೆ. ಕವಿಯನ್ನು ಪಂಪನಿಂದ ಬೇಂದ್ರೆಯವರವರೆಗೆ ಎಲ್ಲರ ಪಕ್ಕದಲ್ಲಿಯೂ ಕೂರಿಸಿರುತ್ತದೆ. ಯಾವ ಪದ್ಯ ಗೆದ್ದಿತು, ಯಾವ ಸಾಲಿನಲ್ಲಿ ಲಯ ಎಡವಿತು ಎಂಬ ಒಂದು ಮಾತು ಅದರಲ್ಲಿರುವುದಿಲ್ಲ. ಆ ಹುಡುಗನಿಗೆ ಕಲಿಯಲು ಸಿಕ್ಕಿದ್ದೇನು? ಎರಡನೆಯ ಸಂಕಲನದಲ್ಲಿಯೂ ಅವೇ ತಪ್ಪುಗಳು, ಅವೇ ವಿಶೇಷಣಗಳು. ಇದನ್ನು ಔದಾರ್ಯವೆನ್ನುವುದು ಹೇಗೆ? ಓದುವ ಶ್ರಮವನ್ನು ಉಳಿಸಿಕೊಂಡವನೇ ಹೊಗಳಿಕೆಯಲ್ಲಿ ಧಾರಾಳಿಯಾಗುತ್ತಾನೆ.

ನಮ್ಮ ಸೀಮೆಯ ಕಸುಬುದಾರರಿಗೆ ಈ ವಿವೇಕ ಚೆನ್ನಾಗಿ ಗೊತ್ತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ಬರಿಯ ರಾಶಿಯ ಎತ್ತರ ನೋಡಿ ಬೆಲೆ ಕೂಗುವುದಿಲ್ಲ. ಗೂಡನ್ನು ಕೈಗೆತ್ತಿಕೊಂಡು, ಒತ್ತಿ ನೋಡಿ, ಆಮೇಲೆ ಬೆಲೆ ಕಟ್ಟುತ್ತಾನೆ. ಚನ್ನಪಟ್ಟಣದ ಗೊಂಬೆಯವನು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಎಲೆಯಿಂದ ಉಜ್ಜಿ ಹೊಳಪು ತರುತ್ತಾನೆ. ಆ ಬಣ್ಣ ಮರದ ಆಕಾರವನ್ನು ಎತ್ತಿ ತೋರಿಸುತ್ತದೆಯೇ ಹೊರತು ಮುಚ್ಚುವುದಿಲ್ಲ. ಕಡೆತ ಕೆಟ್ಟಿದ್ದರೆ ಹೊಳಪಿನಲ್ಲಿ ಅದೂ ಕಾಣುತ್ತದೆ. ವಿಮರ್ಶಕನ ಮೆಚ್ಚುಗೆಯೂ ಅಷ್ಟು ತೆಳುವಾಗಿ, ಅಷ್ಟು ಗಟ್ಟಿಯಾಗಿ ಕೃತಿಯ ಮೈಗೆ ಹತ್ತಬೇಕು.

ಹಾಗೆಂದು ಜಿಪುಣತನವೇ ವಿಮರ್ಶೆಯೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಪದ್ಯ ಕಂಡಾಗ ಮನಸಾರೆ ಹೊಗಳಲೇಬೇಕು. ಆದರೆ ಆ ದಿನಕ್ಕೆಂದು ಕೆಲವು ಮಾತುಗಳನ್ನಾದರೂ ಕೆಡದಂತೆ ಉಳಿಸಿಕೊಂಡಿರಬೇಕಷ್ಟೆ. ಎಲ್ಲವನ್ನೂ ಇಂದೇ ಸುರಿದುಬಿಟ್ಟರೆ, ನಿಜವಾದ ಕವಿ ಬಂದ ದಿನ ಅವನೆದುರು ನಮ್ಮ ನುಡಿಯ ಕಣಜ ಬರಿದಾಗಿ ನಿಂತೀತು.