ಹೊರಸಿನ ನಾಡಿಗೆ ಬೆತ್ತದ ಹೆಡ್‌ಬೋರ್ಡು

ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಝಳಕಿ ಬಿಸಿಲ ಸೀಮೆ. ಬೆತ್ತ ಬೆಳೆಯುವುದು ದೂರದ ಪಶ್ಚಿಮಘಟ್ಟದ ಮಳೆಕಾಡಿನಲ್ಲಿ. ಆದರೂ ಬೆತ್ತದ ಹೆಡ್‌ಬೋರ್ಡಿನ ಗುಟ್ಟು ಈ ಕಡೆಯವರಿಗೆ ಹೊಸದೇನಲ್ಲ. ಜಾಲಿ ಕಟ್ಟಿಗೆಯ ಚೌಕಟ್ಟಿಗೆ ಪುಂಡಿ ನಾರಿನ ಹಗ್ಗ ಹೆಣೆದ ಹೊರಸು ಮಂಚವೂ ನಿಂತಿರುವುದು ಬಿಗಿತದ ಮೇಲೆಯೇ.

ಹೊರಸು ಜೋಲು ಬಿದ್ದರೆ ಕಾಲಿನ ಕಡೆಯ ಹಗ್ಗ ಜಗ್ಗಿ ಕಟ್ಟಿದರಾಯಿತು. ಬೆತ್ತಕ್ಕೆ ಆ ಅನುಕೂಲವಿಲ್ಲ. ಹೆಣೆದ ಬಲೆಯನ್ನು ಮೊದಲು ನೀರಲ್ಲಿ ನೆನೆಸಬೇಕು. ಮೆತ್ತಗಾದ ಮೇಲೆ ಚೌಕಟ್ಟಿನಲ್ಲಿ ಕೊರೆದ ತೋಡಿಗೆ ಅಂಚನ್ನು ಒತ್ತಿ, ಅಂಟು ಹಾಕಿ, ಮೇಲೊಂದು ಬೆತ್ತದ ಪಟ್ಟಿ ಬಡಿದು ಕೂರಿಸಬೇಕು. ಒಣಗುತ್ತ ಬಲೆ ತಾನಾಗಿಯೇ ಬಿಗಿಯುತ್ತದೆ. ಅವಸರಪಟ್ಟು ಒಣ ಬಲೆಯನ್ನೇ ಎಳೆದರೆ ಎಳೆಗಳು ಮುರಿಯುತ್ತವೆ.

ಗಾಳಿಯಾಡುವ ಈ ಬಲೆ ಧಗೆಯ ಊರಿಗೆ ಹೇಳಿ ಮಾಡಿಸಿದ್ದು. ಹೊಸಬರು ಹೆಣೆಯುವ ಹಟಕ್ಕೆ ಬೀಳದೆ ಸಿದ್ಧ ಬಲೆಯನ್ನೇ ತರಲಿ.