ಮರೆಗೂಡಿನ ಗೋಡೆಗೆ ಕಾಫಿ ಕಣದ ಹಳೇ ಹಾಳೆ

ಭಾಗಮಂಡಲದ ಮಳೆಗೆ ಸೆಡ್ಡು ಹೊಡೆಯುವ ಗೋಡೆ ಕಟ್ಟಲು ಹೊರಟವರ ದುಡ್ಡು ನೀರುಪಾಲು. ವರ್ಷಕ್ಕೆ 5,000 ಮಿ.ಮೀ. ದಾಟಿ ಸುರಿಯುವುದು ಇಲ್ಲಿ ಅಪರೂಪವಲ್ಲ. ಮುಂಗಾರು ಜೋರಾದರೆ ಕಾವೇರಿ, ಕನ್ನಿಕೆ ಉಕ್ಕಿ ತ್ರಿವೇಣಿ ಸಂಗಮವೇ ಮುಳುಗುತ್ತದೆ. ಆ ದಿನಗಳಲ್ಲಿ ತೋಟದ ಮರೆಗೂಡಿನತ್ತ ಸುಳಿಯುವುದು ಜಿಗಣೆಗಳು ಮಾತ್ರ. ಕ್ಯಾಮೆರಾ ಹಿಡಿದು ಹಕ್ಕಿಗೆ ಕಾಯುವವರಿಗೆ ಗೂಡು ಬೇಕಾಗುವುದು ನವೆಂಬರಿನಿಂದ ಮೇವರೆಗೆ. ಅದರ ಗೋಡೆ ತಡೆಯಬೇಕಾದ್ದು ಬೆಳಗಿನ ಇಬ್ಬನಿ, ಮಧ್ಯಾಹ್ನದ ಬಿಸಿಲು ಮತ್ತು ಕಾಫಿ ಅರಳಿಸುವ ಹೂಮಳೆಯನ್ನು. ಇಷ್ಟು ಒಪ್ಪಿಕೊಂಡರೆ ಅರ್ಧ ಅಂಗಡಿ ಸಾಮಾನು ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಕೊಡಗಿಗೆ ಮರೆಯಲ್ಲಿ ಕೂತು ಕಾಯುವುದು ಹೊಸತಲ್ಲ. ಹುಲಿ ಹೊಡೆದವನಿಗೆ ಮದುವಣಿಗನ ಮರ್ಯಾದೆ ಕೊಟ್ಟು ‘ನರಿ ಮಂಗಲ’ ನಡೆಸಿದ ನಾಡಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಕೊಡವರ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಬೇಟೆಗೆ ಇಲ್ಲ. ಕೈಲ್‌ಪೊಳ್ದ್‌ ಹಬ್ಬದಲ್ಲಿ ಪೂಜೆಗೊಂಡ ಕೋವಿ ತೆಂಗಿನಕಾಯಿಗೆ ಗುರಿಯಿಟ್ಟು ಸುಮ್ಮನಾಗುತ್ತದೆ. ಮರೆಯ ಹಿಂದೆ ಈಗ ಇರುವುದು ಲೆನ್ಸು.

ಪೇಟೆಯಿಂದ ಬಂದವರು ಮೊದಲು ಕೇಳುವುದು ಪ್ಲೈವುಡ್. ಅಗ್ಗದ ಎಂ.ಆರ್. ದರ್ಜೆಯದ್ದು (ಐಎಸ್ 303) ತೇವದ ಗಾಳಿಯನ್ನು ತಕ್ಕಮಟ್ಟಿಗೆ ತಾಳುತ್ತದೆ, ನೆನೆದರೆ ಪದರ ಬಿಡುತ್ತದೆ. ಐಎಸ್ 710 ಗುರುತಿನ ಮರೈನ್ ಪ್ಲೈ ನೀರಿಗೆ ಜಗ್ಗದು, ಬೆಲೆ ಮಾತ್ರ ಅಡುಗೆಮನೆ ಕಪಾಟಿಗೇ ಸರಿ. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಐದಡಿ ಎತ್ತರದ ಗೂಡಿಗೆ ಸುತ್ತ ಎಂಬತ್ತು ಚದರಡಿ ಗೋಡೆ. ಅದಕ್ಕೆ 12 ಮಿ.ಮೀ. ಪ್ಲೈ ಬಳಸಿದರೆ ತೂಕ ಐವತ್ತು ಕಿಲೋ ಆಸುಪಾಸು. ಬ್ರಹ್ಮಗಿರಿ ತಪ್ಪಲಿನ ತೋಟದೊಳಗೆ ಅದನ್ನು ಹೊರುವವರು ಯಾರು?

ಅದೇ ಗೋಡೆಗೆ 120 ಜಿಎಸ್‌ಎಂನ ಸಿಲ್ಪಾಲಿನ್ ಹಾಳೆ ಒಂದು ಕಿಲೋ ತೂಗುವುದಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಹಾಸಿ, ಮುದುಡಿ, ಅಂಚು ಹರಿದ ಹಾಳೆಗಳು ಬೆಳೆಗಾರರ ಮನೆಯ ಗೋದಾಮಿನಲ್ಲಿ ಬಿದ್ದಿರುತ್ತವೆ. ಹೊಸದಕ್ಕಿಂತ ಅವೇ ವಾಸಿ: ಹೊಳಪು ಹೋಗಿರುತ್ತದೆ. ಕೊಳ್ಳಲೇಬೇಕೆಂದರೆ ನೀಲಿ ಟಾರ್ಪಾಲು ಬೇಡ. ಹಸಿರು ತೋಟದಲ್ಲಿ ಅದು ಎದ್ದು ಕಾಣುತ್ತದೆ, ಬಿಸಿಲಿಗೆ ನೂಲುನೂಲಾಗಿ ಉದುರುತ್ತದೆ, ಆ ಚೂರು ಮಣ್ಣಿನಲ್ಲೇ ಉಳಿಯುತ್ತದೆ.

ಹಾಳೆ ಒಂದೇ ಇದ್ದರೆ ಗಾಳಿಗೆ ಪಟಪಟಿಸುತ್ತದೆ. ಆ ಸದ್ದಿಗೆ ಕಾಡುಕೋಳಿ ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಹೊರಗೆ ಬಿದಿರಿನ ತಟ್ಟಿ ಬೇಕು. ಕರಿಕೆ ಕಡೆಯವರಿಗೆ ಅಡಿಕೆ ದಬ್ಬೆಯೂ ಆದೀತು. ತಟ್ಟಿಯ ಬುಡ ನೆಲಕ್ಕೆ ತಾಗಿದರೆ ಗೆದ್ದಲು ಹತ್ತುವುದು ಖಂಡಿತ, ಕಲ್ಲಿನ ಮೇಲೆ ಒಂದು ಗೇಣು ಎತ್ತರಿಸಿ ನಿಲ್ಲಿಸಬೇಕು. ಹಾಳೆಗೂ ತಟ್ಟಿಗೂ ನಡುವೆ ಎರಡು ಬೆರಳು ಸಂದು ಬಿಟ್ಟರೆ ಗಾಳಿಯಾಡಿ ಬೂಷ್ಟು ಕಟ್ಟುವುದು ತಗ್ಗುತ್ತದೆ. ಗೋಣಿತಾಟು ಸದ್ದು ನುಂಗುತ್ತದೆ ನಿಜ, ಒಂದು ಹೂಮಳೆಗೆ ನೆನೆದು ಜೋತುಬಿದ್ದರೆ ವಾರಗಟ್ಟಲೆ ನಾರುತ್ತದೆ. ಅದನ್ನು ಬೇಕಾದರೆ ಒಳಬದಿಗೆ ಕಟ್ಟಿಕೊಳ್ಳಬಹುದು.

ಲೆನ್ಸಿನ ಕಿಂಡಿಗೆ ನರ್ಸರಿಯವರು ಕಟ್ಟುವ ಹಸಿರು ಶೇಡ್‌ನೆಟ್ ಸಾಕು. ಅದರ ಮೇಲಿನ 50, 75 ಎಂಬ ಅಂಕಿ ತಡೆಯುವ ಬೆಳಕಿನ ಶೇಕಡಾವಾರು. ಮರೆಗೆ 75ರದ್ದು ಸರಿ. ಒಳಗೆ ಕತ್ತಲಿದ್ದಷ್ಟೂ ಹೊರಗಿನ ನವರಂಗ ಹಕ್ಕಿಗೆ ಕೂತವರ ಕೈಯಾಟ ಕಾಣದು.

ಗೂಡು ಸ್ವಂತ ತೋಟದಲ್ಲಿರಲಿ, ಅದೂ ನೀರಿನ ಹೊಂಡದ ಬಳಿ. ಹಕ್ಕಿ ಮೊಟ್ಟೆಯಿಟ್ಟ ಕಡೆ ಬೇಡ, ಆನೆ ನಡೆಯುವ ದಾರಿಯಲ್ಲಂತೂ ಬೇಡವೇ ಬೇಡ. ತಲಕಾವೇರಿ ವನ್ಯಜೀವಿಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಗೂಟವನ್ನೂ ನೆಡುವಂತಿಲ್ಲ. ಮೇ ಕೊನೆಗೆ ಹಾಳೆ ಬಿಚ್ಚಿ, ತೊಳೆದು, ಒಣಗಿಸಿ ಅಟ್ಟಕ್ಕೆ ಹಾಕಬೇಕು. ಈ ಸಲ ಕಣದ ಹಾಳೆ ಬದಲಿಸುವವರು ಹಳೆಯದನ್ನು ಗುಜರಿಗೆ ಕೊಡುವ ಮುನ್ನ ಎಂಬತ್ತು ಚದರಡಿ ಕತ್ತರಿಸಿ ಇಟ್ಟುಕೊಳ್ಳಲಿ.