ಚೀಟಿಯ ಮೇಲಿನ ವ್ಯಾಟು, ಗೋಡೆಯೊಳಗಿನ ವೋಲ್ಟು

ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಕಂಪ್ಯೂಟರಿಗೆ ಅರಸೀಕೆರೆಯಲ್ಲೋ ಬೇಲೂರಿನಲ್ಲೋ ಒಂದು ದರಪಟ್ಟಿ ಕೇಳಿ ನೋಡಿ. ಪ್ರೊಸೆಸರ್ ಯಾವ ಪೀಳಿಗೆಯದು, ಮೆಮೊರಿ ಎಷ್ಟು ಗಿಗಾಬೈಟು, ಡಿಸ್ಕ್ ಯಾವ ಬಗೆಯದು, ಮಾನಿಟರ್ ಎಷ್ಟು ಅಂಗುಲ ಎಂಬುದೆಲ್ಲ ಸಾಲುಸಾಲಾಗಿ ಇರುತ್ತದೆ. ವಿದ್ಯುತ್ ಒದಗಿಸುವ ಪೆಟ್ಟಿಗೆಗೆ ಮಾತ್ರ ಸಾಮಾನ್ಯವಾಗಿ ಸಿಗುವುದು ಅರ್ಧ ಸಾಲು: ‘ಕ್ಯಾಬಿನೆಟ್, 450 ವ್ಯಾಟ್ ಎಸ್‌ಎಂಪಿಎಸ್ ಸಹಿತ’. ಈ ಅರ್ಧ ಸಾಲನ್ನು ವಿಮರ್ಶೆಗೆ ಒಡ್ಡುವುದೇ ಈ ಬರಹದ ಉದ್ದೇಶ. ಅದು ಹೇಳುವುದು ಕಡಿಮೆ. ಹೇಳುವುದರಲ್ಲೂ ನಮ್ಮ ತಾಲ್ಲೂಕುಗಳಿಗೆ ಬೇಕಾದದ್ದು ಇನ್ನೂ ಕಡಿಮೆ.

ಬೇಲೂರು, ಹಳೇಬೀಡುಗಳ ದೇವಾಲಯಗಳಿಗೆ ಮಕ್ಕಳನ್ನು ಕರೆದೊಯ್ದ ಶಿಕ್ಷಕರಿಗೆ ಒಂದು ಸಂಗತಿ ಗೊತ್ತು. ಎಲ್ಲರ ಕಣ್ಣು ಮದನಿಕೆಯರ ಮೇಲೆ. ಇಡೀ ಕಟ್ಟಡವನ್ನು ಹೊತ್ತ ನಕ್ಷತ್ರಾಕಾರದ ಜಗತಿಯನ್ನು ಗಮನಿಸುವವರು ವಿರಳ. ಕಂಪ್ಯೂಟರಿನ ಜಗತಿ ಎಂದರೆ ಈ ಎಸ್‌ಎಂಪಿಎಸ್ ಪೆಟ್ಟಿಗೆ. ಅದು ಕೆಟ್ಟಾಗ ಕೆಲವೊಮ್ಮೆ ಮದರ್‌ಬೋರ್ಡು, ಡಿಸ್ಕುಗಳನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ವ್ಯಾಟಿನ ಲೆಕ್ಕ

ಮೊದಲು ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯನ್ನೇ ಓದೋಣ. ಉದಾಹರಣೆಗೆ, ಒಂದು ಚೀಟಿಯಲ್ಲಿ ಹೀಗಿದೆ ಎನ್ನಿ: 3.3 ವೋಲ್ಟಿಗೆ 20 ಆಂಪಿಯರ್, 5 ವೋಲ್ಟಿಗೆ 25, 12 ವೋಲ್ಟಿಗೆ 16, ಋಣ 12 ವೋಲ್ಟಿಗೆ 0.5, ಸ್ಟ್ಯಾಂಡ್‌ಬೈ 5 ವೋಲ್ಟಿಗೆ 2 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಕ್ರಮವಾಗಿ 66, 125, 192, 6 ಮತ್ತು 10 ವ್ಯಾಟ್ ಬರುತ್ತದೆ. ಒಟ್ಟು 399. ಮೇಲೆ ದಪ್ಪಕ್ಷರದಲ್ಲಿರುವುದು 450! ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಹಿಡಿಯಬಲ್ಲ ತಪ್ಪು ಇದು.

ಈ 399 ಕೂಡ ಪೂರ್ತಿ ಸಿಗುವುದಿಲ್ಲ. 3.3 ಮತ್ತು 5 ವೋಲ್ಟಿನ ಸಾಲುಗಳು ಸಾಮಾನ್ಯವಾಗಿ ಒಳಗೆ ಒಂದೇ ಮೂಲವನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ಎರಡರಿಂದಲೂ ಒಟ್ಟಿಗೆ ಪಡೆಯಬಹುದಾದ ಗರಿಷ್ಠ ಸಾಮರ್ಥ್ಯವನ್ನು ಒಳ್ಳೆಯ ತಯಾರಕರು ಪ್ರತ್ಯೇಕವಾಗಿ ಮುದ್ರಿಸುತ್ತಾರೆ. ಆ ಅಂಕಿ ಇಲ್ಲದ ಚೀಟಿಯನ್ನು ಅನುಮಾನದಿಂದಲೇ ನೋಡಬೇಕು. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳು ಬಹುಪಾಲು ವಿದ್ಯುತ್ತನ್ನು ಸೆಳೆಯುವುದು 12 ವೋಲ್ಟಿನ ಸಾಲಿನಿಂದ. ಹಾಗಾಗಿ ನಮ್ಮ ಉದಾಹರಣೆಯ ಪೆಟ್ಟಿಗೆಯ ನಿಜವಾದ ಬಲ 450 ಅಲ್ಲ, 192 ವ್ಯಾಟ್.

ಹಾಗಾದರೆ ಇನ್ನೂ ದೊಡ್ಡ ಅಂಕಿಯ ಪೆಟ್ಟಿಗೆ ಕೊಂಡರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಶಾಲೆಯ ಕಂಪ್ಯೂಟರಿನ ಬಳಕೆ ಸಾಮಾನ್ಯವಾಗಿ 150 ವ್ಯಾಟ್ ಮೀರುವುದಿಲ್ಲ. ಅಂದರೆ ಬಹಳಷ್ಟು ಕಡೆ ತೊಂದರೆ ಇರುವುದು ವ್ಯಾಟಿನ ಕೊರತೆಯಲ್ಲಿ ಅಲ್ಲ, ಗೋಡೆಯಿಂದ ಬರುವ ವೋಲ್ಟೇಜಿನಲ್ಲಿ.

180 ವೋಲ್ಟಿನ ಸಂಜೆ

ಅರಸೀಕೆರೆಯದು ತೆಂಗಿನ ತೋಟಗಳ ಬಯಲುಸೀಮೆ, ಬೇಲೂರು ಅರೆಮಲೆನಾಡು. ಎರಡೂ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಯವು. ಉದ್ದನೆಯ ಫೀಡರಿನ ತುದಿಯ ಊರಿನಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡತೊಡಗಿದಾಗ, ತಂತಿಯ ರೋಧದಿಂದಾಗಿ ವೋಲ್ಟೇಜು ಕುಸಿಯುತ್ತದೆ. ಪಂಪ್‌ಸೆಟ್ಟಿನ ಮಾರ್ಗವನ್ನೂ ಮನೆಗಳ ಮಾರ್ಗವನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಈ ತೊಂದರೆ ತಗ್ಗಬೇಕು. ಆದರೂ ನಿಮ್ಮ ಶಾಲೆಯ ಗೋಡೆಯಲ್ಲಿ ಸಂಜೆ ಎಷ್ಟು ವೋಲ್ಟು ಎಂಬುದನ್ನು ನೋಡಿಯೇ ತಿಳಿಯಬೇಕು.

ಎಸ್‌ಎಂಪಿಎಸ್ ಮೊದಲು ಪರ್ಯಾಯ ವಿದ್ಯುತ್ತನ್ನು ಏಕಮುಖಗೊಳಿಸಿ ದೊಡ್ಡ ಕೆಪ್ಯಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. 230 ವೋಲ್ಟಿನ ಶಿಖರ ಬೆಲೆ ಸುಮಾರು 325 ವೋಲ್ಟ್. ಗೋಡೆಯ ವಿದ್ಯುತ್ತು ಕಣ್ಮರೆಯಾದ ಕ್ಷಣದಲ್ಲಿ ಕಂಪ್ಯೂಟರನ್ನು ಹಿಡಿದು ನಿಲ್ಲಿಸುವುದು ಇಲ್ಲಿ ಕೂಡಿಟ್ಟ ಶಕ್ತಿಯೇ. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾದರಿಯ ಮಾರ್ಗಸೂಚಿಗಳು ಬಹುಕಾಲ ಈ ಆಸರೆಯ ಅವಧಿ ಪೂರ್ಣ ಹೊರೆಯಲ್ಲಿ ಸುಮಾರು 16ರಿಂದ 17 ಮಿಲಿಸೆಕೆಂಡಾದರೂ ಇರಬೇಕೆಂದು ಬಯಸಿದವು. ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡು ಬೇಕು, ಹತ್ತರವರೆಗೂ ಹೋಗಬಹುದು. ಆ ಸೇತುವೆಯನ್ನು ಕೆಪ್ಯಾಸಿಟರೇ ಕಟ್ಟಬೇಕು.

ಈಗ ಲೆಕ್ಕ ಮಾಡೋಣ. ಕೆಪ್ಯಾಸಿಟರಿನಲ್ಲಿರುವ ಶಕ್ತಿ ½CV². ಹಳೆಯ ವಿನ್ಯಾಸದ ಪೆಟ್ಟಿಗೆಯಲ್ಲಿ 470 ಮೈಕ್ರೋಫ್ಯಾರಡಿನ ಎರಡು ಕೆಪ್ಯಾಸಿಟರುಗಳು ಸರಣಿಯಲ್ಲಿವೆ, ಅಂದರೆ ಒಟ್ಟು 235. ಒಳಗಿನ ವೋಲ್ಟೇಜು 220ಕ್ಕೆ ಇಳಿಯುವವರೆಗೂ ಪೆಟ್ಟಿಗೆ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಿ. ಕಂಪ್ಯೂಟರಿಗೆ 150 ವ್ಯಾಟ್ ಬೇಕು. ದಕ್ಷತೆ ಶೇಕಡ 75 ಇದ್ದರೆ ಒಳಗೆ ಸೆಳೆಯುವುದು 200 ವ್ಯಾಟ್. ಗೋಡೆಯಲ್ಲಿ 230 ವೋಲ್ಟ್ ಇದ್ದಾಗ ಬಳಸಬಹುದಾದ ಶಕ್ತಿ ಸುಮಾರು 6.7 ಜೂಲ್, ಅದು 33 ಮಿಲಿಸೆಕೆಂಡಿಗೆ ಸಾಕು. ಗೋಡೆಯ ವೋಲ್ಟೇಜು 180ಕ್ಕೆ ಇಳಿದರೆ ಶಿಖರ ಬೆಲೆ 255ರ ಆಸುಪಾಸು. ಬಳಸಬಹುದಾದ ಶಕ್ತಿ 1.9 ಜೂಲ್, ಆಸರೆ ಹತ್ತು ಮಿಲಿಸೆಕೆಂಡಿಗೂ ಕಡಿಮೆ. ವೋಲ್ಟೇಜು ಇಳಿದದ್ದು ಕಾಲು ಭಾಗಕ್ಕಿಂತ ಕಡಿಮೆ. ಆಸರೆ ಕುಗ್ಗಿದ್ದು ಮೂರರಲ್ಲಿ ಎರಡು ಪಾಲಿಗೂ ಹೆಚ್ಚು! ಶಕ್ತಿ ವೋಲ್ಟೇಜಿನ ವರ್ಗವನ್ನು ಅವಲಂಬಿಸಿರುವುದೂ, ಕೆಳಗಿನ 220 ವೋಲ್ಟ್ ನಮಗೆ ದಕ್ಕದಿರುವುದೂ ಇದಕ್ಕೆ ಕಾರಣ.

ಉಳಿತಾಯಕ್ಕೆಂದು 470ರ ಜಾಗದಲ್ಲಿ 220 ಮೈಕ್ರೋಫ್ಯಾರಡಿನವನ್ನು ಹಾಕಿದ್ದರೆ? 230 ವೋಲ್ಟಿನಲ್ಲಿ ಸುಮಾರು 16 ಮಿಲಿಸೆಕೆಂಡು, 180 ವೋಲ್ಟಿನಲ್ಲಿ ಕೇವಲ ನಾಲ್ಕೂವರೆ. 50 ಹರ್ಟ್ಸ್ ವಿದ್ಯುತ್ತಿನ ಶಿಖರಗಳು 10 ಮಿಲಿಸೆಕೆಂಡಿಗೆ ಒಂದರಂತೆ ಬರುತ್ತವೆ. ಯುಪಿಎಸ್ ಮಾತು ಹಾಗಿರಲಿ, ಈ ಪೆಟ್ಟಿಗೆ ಅಷ್ಟು ಹೊರೆಯಲ್ಲಿ ಮುಂದಿನ ಶಿಖರದ ಹೊತ್ತಿನವರೆಗೂ ಬಾಳದು. ‘ಯುಪಿಎಸ್ ಇದ್ದರೂ ಕಂಪ್ಯೂಟರ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ’ ಎಂಬ ದೂರಿಗೆ ಇದೊಂದು ಸಾಧ್ಯವಾದ ವಿವರಣೆ. ಹೊಸ ಬ್ಯಾಟರಿ ತಂದು ಹಾಕಿದರೂ ಇದು ವಾಸಿಯಾಗುವುದಿಲ್ಲ. ಎರಡೂ ಪೆಟ್ಟಿಗೆಗಳ ಚೀಟಿಯ ಮೇಲೆ ಮಾತ್ರ ಅದೇ 450.

ಇದಕ್ಕೆ ಪರಿಹಾರ ಇದೆ. ಸಕ್ರಿಯ ಪವರ್ ಫ್ಯಾಕ್ಟರ್ ತಿದ್ದುಪಡಿ ಇರುವ, ಚೀಟಿಯಲ್ಲಿ ‘100–240 ವೋಲ್ಟ್’ ಎಂಬ ವಿಸ್ತಾರ ವ್ಯಾಪ್ತಿ ನಮೂದಿಸಿದ ಪೆಟ್ಟಿಗೆಗಳು ಗೋಡೆಯ ವೋಲ್ಟೇಜು ಎಷ್ಟೇ ಇರಲಿ, ಒಳಗೆ ಅದನ್ನು ಸುಮಾರು 380 ವೋಲ್ಟಿಗೆ ಏರಿಸಿ ಕೂಡಿಡುತ್ತವೆ. 220 ಮೈಕ್ರೋಫ್ಯಾರಡಿನ ಒಂದೇ ಕೆಪ್ಯಾಸಿಟರ್ 380ರಿಂದ 300 ವೋಲ್ಟಿಗೆ ಇಳಿಯುವಾಗ ಸುಮಾರು 6 ಜೂಲ್ ಕೊಡುತ್ತದೆ. ಅದೇ 200 ವ್ಯಾಟಿಗೆ 30 ಮಿಲಿಸೆಕೆಂಡು. 230ರಲ್ಲೂ ಅಷ್ಟೇ, 180ರಲ್ಲೂ ಅಷ್ಟೇ. ಫೀಡರಿನ ತುದಿಯ ಶಾಲೆಗೆ ವ್ಯಾಟಿಗಿಂತ ಈ ಗುಣವೇ ಮುಖ್ಯ. ಒಂದು ಎಚ್ಚರಿಕೆ: ಚೌಕ ಅಲೆ ಕೊಡುವ ಸಣ್ಣ ಯುಪಿಎಸ್‌ಗಳೊಂದಿಗೆ ಇಂತಹ ಕೆಲವು ಪೆಟ್ಟಿಗೆಗಳು ಹೊಂದಿಕೊಳ್ಳುವುದಿಲ್ಲ. ಎರಡನ್ನೂ ಕೂಡಿಸಿ ಪರೀಕ್ಷಿಸಿಯೇ ಕೊಳ್ಳಬೇಕು.

ಮುದ್ರೆಗಳ ಮಾತು

2004ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯನ್ನು ಅನೇಕರು ಗುಣಮಟ್ಟದ ಪೂರ್ಣ ಪ್ರಮಾಣಪತ್ರವೆಂದು ಭಾವಿಸುತ್ತಾರೆ. ಅದು ಮುಖ್ಯವಾಗಿ ಅಳೆಯುವುದು ದಕ್ಷತೆಯನ್ನು. ಮೂಲ ಮುದ್ರೆಗೆ ಶೇಕಡ 20, 50 ಮತ್ತು 100 ಹೊರೆಗಳಲ್ಲಿ ಕನಿಷ್ಠ ಶೇಕಡ 80 ದಕ್ಷತೆ ಬೇಕು. ಆಸರೆಯ ಅವಧಿ, ಅಧಿಕ ವೋಲ್ಟೇಜಿನಿಂದ ರಕ್ಷಣೆ, ಬೇಸಿಗೆಯ ಬಿಸಿ ಕೋಣೆಯಲ್ಲಿ ಬಾಳಿಕೆ ಇವುಗಳಿಗೆ ಅದು ಹೊಣೆಯಲ್ಲ. ಹಾಗೆಂದು ಮುದ್ರೆ ನಿಷ್ಪ್ರಯೋಜಕವೂ ಅಲ್ಲ. ಪೂರ್ಣ ಹೊರೆಯಲ್ಲಿ ಪರೀಕ್ಷೆಗೆ ನಿಂತ ಪೆಟ್ಟಿಗೆಯ ವ್ಯಾಟ್ ಅಂಕಿ ಕೇವಲ ಅಲಂಕಾರವಾಗಿರುವುದಿಲ್ಲ.

ಭಾರತೀಯ ಮಾನಕ ಬ್ಯೂರೋದ ನೋಂದಣಿಯದೂ ಇದೇ ಕತೆ. ಐಎಸ್ 13252 ಮುಖ್ಯವಾಗಿ ಸುರಕ್ಷತೆಯ ಮಾನಕ. ಮುದ್ರೆ ಇಲ್ಲದ ಪೆಟ್ಟಿಗೆಯನ್ನು ಬೇಡವೆನ್ನಿ. ಇದ್ದ ಮಾತ್ರಕ್ಕೆ 450 ವ್ಯಾಟ್ ನಿಜವೆಂದು ನಂಬಬೇಡಿ. ‘ಭಾರವಿದ್ದರೆ ಒಳ್ಳೆಯದು’ ಎಂಬ ಅಂಗಡಿಯ ಮಾತು ಸುಳಿವು ಮಾತ್ರ. ತಂತಿ ಜೋಡಿಸಿ ಫ್ಯಾನ್ ತಿರುಗಿಸಿ ತೋರಿಸುವ ಪರೀಕ್ಷೆ ಹೊರೆ ಇಲ್ಲದ್ದು. ಖಾಲಿ ಗಾಡಿ ಚಲಿಸಿತೆಂದು ಎತ್ತಿನ ಬಲ ತಿಳಿಯುವುದಿಲ್ಲ.

ಭೂಸಂಪರ್ಕ

ಎಷ್ಟೇ ಒಳ್ಳೆಯ ಪೆಟ್ಟಿಗೆಯೂ ಭೂಸಂಪರ್ಕವಿಲ್ಲದೆ ಅಪೂರ್ಣ. ವಿದ್ಯುತ್ ಗದ್ದಲ ತಡೆಯಲು ಫೇಸ್ ಮತ್ತು ನ್ಯೂಟ್ರಲ್ ತಂತಿಗಳಿಂದ ಲೋಹದ ಕವಚಕ್ಕೆ ಒಂದೊಂದು ಸಣ್ಣ ಕೆಪ್ಯಾಸಿಟರ್ ಜೋಡಿಸಿರುತ್ತಾರೆ. ಭೂಸಂಪರ್ಕ ಕಡಿದಿದ್ದರೆ ಕವಚ ಸುಮಾರು ಅರ್ಧ ವೋಲ್ಟೇಜಿಗೆ, ಅಂದರೆ 115ರ ಆಸುಪಾಸಿಗೆ ಏರುತ್ತದೆ. ಮುಟ್ಟಿದ ಮಗುವಿಗೆ ಬೆರಳು ಜುಮ್ಮೆನ್ನುವುದು ಇದರಿಂದಲೇ. ಇದನ್ನು ಮಾಮೂಲಿ ಎಂದು ಬಿಡಬಾರದು. ಪೆಟ್ಟಿಗೆಯೊಳಗೆ ನಿಜವಾದ ಸೋರಿಕೆಯಾದ ದಿನ ಕಾಪಾಡಲು ಏನೂ ಇರುವುದಿಲ್ಲ. ಅರಸೀಕೆರೆಯಂತಹ ಒಣನೆಲದಲ್ಲಿ ಬೇಸಿಗೆಗೆ ಭೂಗುಂಡಿ ಒಣಗಿ ರೋಧ ಹೆಚ್ಚಬಹುದು. ಅದಕ್ಕೆ ಮುಂಚೆಯೇ ಪರೀಕ್ಷಿಸಿ ನೀರುಣಿಸಿ.

ದರಪಟ್ಟಿಯಲ್ಲಿ ಏನು ಬರೆಯಬೇಕು?

ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಶಾಲೆಯ ವೋಲ್ಟೇಜನ್ನು ದಾಖಲಿಸಿ. ಪ್ಲಗ್ಗಿಗೆ ಸಿಕ್ಕಿಸುವ ಮಾಪಕವೋ ಸ್ಟೆಬಿಲೈಸರಿನ ಮುಳ್ಳೋ ಸಾಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ತೆರೆಯಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ವಿದ್ಯಾರ್ಥಿಗಳು ಆ ದಾಖಲೆಯಿಂದ ನಕ್ಷೆ ಬರೆಯಲಿ, ಆಸರೆಯ ಅವಧಿಯನ್ನು ಲೆಕ್ಕ ಹಾಕಲಿ.

ಆಮೇಲೆ ಆ ಅರ್ಧ ಸಾಲಿನ ಜಾಗದಲ್ಲಿ ಹೀಗೆ ಬರೆಯಿರಿ: 12 ವೋಲ್ಟಿನ ಸಾಲಿಗೆ ಕನಿಷ್ಠ ಇಷ್ಟು ಆಂಪಿಯರ್, 3.3 ಮತ್ತು 5 ವೋಲ್ಟಿನ ಒಟ್ಟು ಮಿತಿ ನಮೂದಾಗಿರಬೇಕು. ಒಳಬರುವ ವೋಲ್ಟೇಜಿನ ವ್ಯಾಪ್ತಿ 100–240. ಸಕ್ರಿಯ ಪವರ್ ಫ್ಯಾಕ್ಟರ್ ತಿದ್ದುಪಡಿ. ಆಸರೆಯ ಅವಧಿ ಪೂರ್ಣ ಹೊರೆಯಲ್ಲಿ 16 ಮಿಲಿಸೆಕೆಂಡು. ಮಾನಕ ಬ್ಯೂರೋದ ನೋಂದಣಿ ಸಂಖ್ಯೆ. ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್‌ಗೆ ಪ್ರತ್ಯೇಕ ಬೆಲೆ. ಕೊನೆಯದು ಬಹಳ ಮುಖ್ಯ. ಬೆಲೆ ಪ್ರತ್ಯೇಕವಾಗಿ ಕಾಣದಿದ್ದರೆ ಉಳಿತಾಯದ ಕತ್ತರಿ ಮೊದಲು ಬೀಳುವುದು ಕಣ್ಣಿಗೆ ಕಾಣದ ಪೆಟ್ಟಿಗೆಯ ಮೇಲೆಯೇ. ಅಂಗಡಿಯವರು ಈ ಪಟ್ಟಿಗೆ ಉತ್ತರ ಕೊಡದಿದ್ದರೆ, ಕೊಡುವ ಇನ್ನೊಂದು ಅಂಗಡಿಯನ್ನು ಹುಡುಕಿ.